ಬೋಟ್ ಕೊಳ್ಳುವ ಮುನ್ನ ಖಾಲಿ ದಿನಗಳ ಲೆಕ್ಕ ಹಾಕಿ

ಜುಲೈ ಅರ್ಧ ಕಳೆಯಿತು. ಮಂಗಳೂರಿನ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿವೆ. ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನಗಳ ನಿಷೇಧ ಮುಗಿಯುವುದನ್ನೇ ಎಲ್ಲರೂ ಕಾಯುತ್ತಿದ್ದಾರೆ. ಕೆಲವರು ಬಲೆ ಹೆಣೆಯುತ್ತಿದ್ದಾರೆ, ಕೆಲವರು ಎಂಜಿನ್ ಬಿಚ್ಚಿ ಹಾಕಿದ್ದಾರೆ, ಮಳೆ ಬಿಟ್ಟ ಹೊತ್ತಲ್ಲಿ ಬಣ್ಣ ಬಳಿಯುವವರೂ ಇದ್ದಾರೆ. ಇದೇ ಎರಡು ತಿಂಗಳು ಬೋಟು ಮಾರುವ, ಕೊಳ್ಳುವ ಕಾಲವೂ ಹೌದು. ಕಳೆದ ಸೀಸನ್‌ನಲ್ಲಿ ಸೋತವನು ಮಾರಲು ನೋಡುತ್ತಾನೆ. ಗಲ್ಫಿನಿಂದ ಕೆಲಸ ಬಿಟ್ಟು ಬಂದವನು, ಮೀನು ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವನು ಕೊಳ್ಳಲು ನೋಡುತ್ತಾನೆ. ನಮ್ಮ ಕಸಬಾ ಬೆಂಗರೆ, ಉಳ್ಳಾಲ, ಬಂದರು, ಬೊಕ್ಕಪಟ್ಣದ ಮನೆಗಳಲ್ಲಿ ಈಗ ರಾತ್ರಿ ಊಟದ ಹೊತ್ತಿಗೆ ಬರುವ ಮಾತು ಇದೇ: "ಒಂದು ಬೋಟ್ ಉಂಟಂತೆ, ರೇಟಿಗೆ ಸಿಗ್ತದಂತೆ. ತೆಗೊಳ್ಳೋದಾ?"

ಈ ಪ್ರಶ್ನೆಗೆ ಹೂಂ ಅಥವಾ ಬೇಡ ಎನ್ನುವ ಮೊದಲು ಒಂದು ಮಾತು ಹೇಳಬೇಕೆನಿಸಿತು. ಯಾಕೆಂದರೆ ಮೀನುಗಾರಿಕೆಯಲ್ಲಿ ಕೆಟ್ಟ ಮನೆಗಳನ್ನು ನೋಡಿದರೆ, ಮೀನು ಸಿಗದೆ ಕೆಟ್ಟವು ಕಡಿಮೆ. ತಮ್ಮ ಶಕ್ತಿಗೆ ಮೀರಿದ ಬೋಟ್ ತೆಗೆದುಕೊಂಡು ಕೆಟ್ಟವೇ ಹೆಚ್ಚು. ಮೀನು ಸಿಗದ ವರ್ಷ ಎಲ್ಲರಿಗೂ ಬರುತ್ತದೆ. ಆ ವರ್ಷವನ್ನು ತಡೆದುಕೊಳ್ಳುವ ಬೋಟ್ ಇದ್ದವನು ಉಳಿಯುತ್ತಾನೆ. ಇಲ್ಲದವನು ಮರುವರ್ಷ ಇದೇ ಜುಲೈಯಲ್ಲಿ ಬೋಟ್ ಮಾರಲು ನಿಲ್ಲುತ್ತಾನೆ. ಅವನ ಬೋಟನ್ನೇ ಅಲ್ಲವೇ ನಮ್ಮ ಹುಡುಗರು ಈಗ "ರೇಟಿಗೆ ಸಿಗ್ತದೆ" ಎಂದು ನೋಡಲು ಹೋಗುತ್ತಿರುವುದು?

ಮೀನನ್ನು ನಂಬಿ ಬಜೆಟ್ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಭೂತಾಯಿಯೇ ಸಾಕ್ಷಿ. ಪಕ್ಕದ ಕೇರಳದಲ್ಲಿ 2012ರಲ್ಲಿ ಸಿಕ್ಕಿದ ಭೂತಾಯಿ ಹತ್ತಿರಹತ್ತಿರ 4 ಲಕ್ಷ ಟನ್. 2021ರಲ್ಲಿ ಅದೇ ಕೇರಳದಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಲಕ್ಷದ ಲೆಕ್ಕದಿಂದ ಸಾವಿರದ ಲೆಕ್ಕಕ್ಕೆ ಇಳಿಯಲು ಹತ್ತು ವರ್ಷ ಸಾಕಾಯಿತು. ನಮ್ಮ ಕಡಲೂ ಅದೇ ಕಡಲು. ಒಂದು ವರ್ಷ ಬಂಗುಡೆ ರಾಶಿ ಬಿದ್ದು ಕೇಳುವವರಿಲ್ಲ, ಇನ್ನೊಂದು ವರ್ಷ ಮನೆಯ ಪದಾರ್ಥಕ್ಕೇ ಇಲ್ಲ. ಆದ್ದರಿಂದ ಒಳ್ಳೆಯ ಸೀಸನ್‌ನ ಲೆಕ್ಕ ತೋರಿಸಿ ಬೋಟ್ ಮಾರುವವರ ಮಾತನ್ನು ಕೇಳಿ, ನಗುತ್ತಾ ಚಹಾ ಕುಡಿದು ಬನ್ನಿ. ನಿಮ್ಮ ಲೆಕ್ಕವನ್ನು ಮಾತ್ರ ಕೆಟ್ಟ ಸೀಸನ್‌ನ ಮೇಲೆ ಹಾಕಿ.

ಮೊದಲು ಕೇಳಬೇಕಾದ್ದು

ಬೋಟ್ ನೋಡಲು ಹೋಗುವ ಮೊದಲು ಮನೆಯಲ್ಲೇ ಕುಳಿತು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಗಳು ಮೂರು. ಯಾವ ಮೀನಿಗೆ, ಎಷ್ಟು ದೂರ ಹೋಗುವುದು? ಕಡಲಿಗೆ ಹೋಗುವವರು ಯಾರು? ಎಷ್ಟು ದಿನ ಬರಿಗೈಯಲ್ಲಿ ಬಂದರೂ ಮನೆ ನಡೆಯುತ್ತದೆ?

ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ಪಟ್ಟಬಲೆಯ ಕೆಲಸಕ್ಕೆ ಫೈಬರ್ ದೋಣಿ, ಔಟ್‌ಬೋರ್ಡ್ ಎಂಜಿನ್ ಸಾಕು. ಮನೆಯ ಇಬ್ಬರು, ಹೊರಗಿನ ಒಬ್ಬಿಬ್ಬರು ಸೇರಿದರೆ ದೋಣಿ ನಡೆಯುತ್ತದೆ. ಕಾನೆ, ಬಂಗುಡೆ, ಸೀಸನ್‌ನಲ್ಲಿ ಸಿಗಡಿ, ಅದೃಷ್ಟ ಇದ್ದರೆ ಅಂಜಲ್. ಸಿಗುವ ಮೀನು ಕಡಿಮೆ, ಆದರೆ ತಾಜಾ. ತಾಜಾ ಮೀನಿಗೆ ನಮ್ಮ ಊರಲ್ಲಿ ಯಾವಾಗಲೂ ಬೆಲೆ ಇದೆ. ಇನ್ನೊಂದು ಲಾಭವೂ ಉಂಟು. 10 ಎಚ್‌ಪಿ ವರೆಗಿನ ಎಂಜಿನ್ ಇರುವ ನಾಡದೋಣಿಗೆ ಆ 61 ದಿನಗಳ ನಿಷೇಧ ಇಲ್ಲ. ಕಡಲು ಬಿಟ್ಟುಕೊಟ್ಟ ದಿನಗಳಲ್ಲಿ ಮಳೆಗಾಲದಲ್ಲೂ ಸ್ವಲ್ಪ ಸಂಪಾದನೆ ಆಗುತ್ತದೆ.

ಅದಕ್ಕಿಂತ ಮೇಲೆ, ದಿನವಹಿ ಹೋಗಿ ಬರುವ ಸಣ್ಣ ಟ್ರಾಲ್ ಬೋಟ್. ನಾಲ್ಕೈದು ಜನ ಬೇಕು, ವಿಂಚ್ ಬೇಕು, ಡೀಸೆಲ್ ಎಂಜಿನ್ ಒಳಗೇ ಕೂತಿರುತ್ತದೆ. ಸಿಗಡಿ, ನಂಗು, ಸಣ್ಣ ಮೀನು ಇದರ ಬದುಕು. ದಡದ ಹತ್ತಿರ ಎಲ್ಲರೂ ಎಳೆಯುವುದರಿಂದ ಪೈಪೋಟಿ ಜಾಸ್ತಿ.

ಮತ್ತೆ ಬರುವುದು ಆಳಸಮುದ್ರದ ಬೋಟ್. ವಾರ, ಹತ್ತು ದಿನ ಕಡಲಲ್ಲೇ. ಎಂಟು ಹತ್ತು ಮಂದಿ ಕಲಾಸಿಗಳು, ಒಬ್ಬ ಒಳ್ಳೆಯ ತಂಡೇಲ, ಐಸ್ ತುಂಬುವ ದೊಡ್ಡ ಹೊಂಡ, ಸಾವಿರಾರು ಲೀಟರ್ ಡೀಸೆಲ್. ಬೊಂಡಾಸ್, ಮದ್ಮಲ್, ದೊಡ್ಡ ಮೀನು ಸಿಕ್ಕಿದರೆ ಒಂದೇ ಟ್ರಿಪ್ಪಿಗೆ ಲಕ್ಷಗಳ ಏಲಂ. ಸಿಗದಿದ್ದರೆ ಒಂದೇ ಟ್ರಿಪ್ಪಿಗೆ ಲಕ್ಷಗಳ ಸಾಲ.

ಕೊನೆಯದು ಪರ್ಸೀನ್. ಇಪ್ಪತ್ತೈದು ಮೂವತ್ತು ಜನ, ಬಲೆಗೇ ಒಂದು ಮನೆಯ ದುಡ್ಡು. ಇದು ಒಬ್ಬನ ಕೆಲಸವಲ್ಲ, ಪಾಲುದಾರರ ಗುಂಪಿನ ಕೆಲಸ.

ಇದರಲ್ಲಿ ಯಾವುದೂ ಕೀಳಲ್ಲ, ಯಾವುದೂ ಮೇಲಲ್ಲ. ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ. ಇವತ್ತು ದೋಣಿ, ನಾಳೆ ಟ್ರಾಲ್, ನಾಡಿದ್ದು ಆಳಸಮುದ್ರ, ಹೀಗೆ ಮೆಟ್ಟಿಲು ಹತ್ತುತ್ತಾ ಹೋಗಲೇಬೇಕು ಎಂದು. ಯಾಕೆ ಹತ್ತಬೇಕು? ಸಣ್ಣ ದೋಣಿಯಲ್ಲೇ ಮಕ್ಕಳನ್ನು ಓದಿಸಿ, ಮಗಳ ಮದುವೆ ಮಾಡಿ, ಸಾಲವಿಲ್ಲದೆ ಮನೆ ಕಟ್ಟಿದವರು ನಮ್ಮ ಜಮಾಅತ್‌ಗಳಲ್ಲೇ ಇದ್ದಾರೆ. ದೊಡ್ಡ ಬೋಟ್ ತೆಗೆದು, ಕೊನೆಗೆ ಬೇರೆಯವರ ಬೋಟಿಗೆ ಕೂಲಿಗೆ ಹೋದವರೂ ಇದ್ದಾರೆ. ಹೆಸರು ಹೇಳುವುದು ಬೇಡ, ಓದುವವರಿಗೆ ಒಬ್ಬಿಬ್ಬರಾದರೂ ಗೊತ್ತಿರುತ್ತಾರೆ.

ಇನ್ನು ಎರಡನೇ ಪ್ರಶ್ನೆ, ಹೋಗುವವರು ಯಾರು? ಗಲ್ಫಿನಲ್ಲಿ ಹದಿನೈದು ವರ್ಷ ಅಂಗಡಿಯಲ್ಲಿ ನಿಂತವನು ಬಂದ ಕೂಡಲೇ ಕಡಲಿಗೆ ಇಳಿಯಲಾರ. ಬೋಟ್ ತಂಡೇಲನ ಕೈಯಲ್ಲಿ, ಲೆಕ್ಕ ಇನ್ನೊಬ್ಬನ ಕೈಯಲ್ಲಿ, ಮಾಲಕ ದಡದಲ್ಲಿ ಫೋನ್ ಹಿಡಿದು ಕೂತರೆ ಆ ಬೋಟ್ ಬೇರೆಯವರ ಮನೆ ಸಾಕುತ್ತದೆ. ಕಲಾಸಿಗಳು ಆಂಧ್ರ, ತಮಿಳುನಾಡು, ಒಡಿಶಾ ಕಡೆಯವರು. ಸೀಸನ್ ಶುರುವಾಗುವ ಮೊದಲೇ ಅವರಿಗೆ ಮುಂಗಡ ಕೊಡಬೇಕು. ಮುಂಗಡ ತೆಗೆದುಕೊಂಡವನು ಊರಿಗೆ ಹೋಗಿ ಬಾರದೆ ಉಳಿದರೆ ಬೋಟ್ ದಕ್ಕೆಯಲ್ಲೇ. ಮನೆಯಲ್ಲಿ ಕಡಲು ಬಲ್ಲವನು ಒಬ್ಬನೂ ಇಲ್ಲದಿದ್ದರೆ ಮೊದಲ ಎರಡು ಸೀಸನ್ ಪಾಲು ಹಾಕಿ, ಅನುಭವ ಇರುವವನ ಜೊತೆ ಹೋಗಿ ಕಲಿಯಿರಿ. ಸ್ವಂತ ಬೋಟ್ ಆಮೇಲೆ.

ಬಂದರಿಗೆ ಹೊಂದುವ ಬೋಟ್

ಬೋಟ್ ಆರಿಸುವಾಗ ನಮ್ಮವರು ಮರೆಯುವ ಒಂದು ಸಂಗತಿ ಅಳಿವೆ ಬಾಗಿಲು. ನೇತ್ರಾವತಿ, ಗುರುಪುರ ನದಿಗಳು ಸೇರಿ ಕಡಲಿಗೆ ಬೀಳುವಲ್ಲಿ ಹೂಳು ತುಂಬುವುದು, ಅಲೆ ಒಡೆಯುವುದು ಮಂಗಳೂರಿನ ಎಲ್ಲ ಬೋಟಿನವರಿಗೂ ಗೊತ್ತು. ಆಳ ಹೆಚ್ಚು ಮುಳುಗುವ ಬೋಟ್ ತೆಗೆದುಕೊಂಡರೆ ಇಳಿತದ ಹೊತ್ತಿಗೆ ಒಳಗೆ ಬರಲಾಗದೆ ಹೊರಗೇ ಕಾಯಬೇಕು. ಮೀನು ಹೊಂಡದಲ್ಲಿ, ಏಲಂ ದಕ್ಕೆಯಲ್ಲಿ, ಬೋಟ್ ನಡುವೆ. ಬೇರೆ ಊರಿನ ಬಂದರಿಗೆ ಕಟ್ಟಿದ ಬೋಟ್ ಚೆಂದ ಕಂಡರೂ ನಮ್ಮ ಬಾಗಿಲಿಗೆ ಹೊಂದುತ್ತದೆಯೇ ಎಂದು ನೋಡಬೇಕು. ಕೊಳ್ಳುವ ಮೊದಲು ಮಾಲು, ಐಸ್, ಡೀಸೆಲ್ ತುಂಬಿದಾಗ ಅದು ಎಷ್ಟು ಮುಳುಗುತ್ತದೆ ಎಂದು ಕೇಳಿ. ಖಾಲಿ ಬೋಟ್ ನೋಡಿ ಅಂದಾಜು ಮಾಡಬೇಡಿ.

ಹಾಗೆಯೇ ನಿಲ್ಲಿಸುವ ಜಾಗ. ದಕ್ಕೆಯಲ್ಲಿ ಈಗಲೇ ಬೋಟಿನ ಮೇಲೆ ಬೋಟ್ ಎನ್ನುವ ಹಾಗೆ ಉಂಟು. ದೋಣಿಯಾದರೆ ಮನೆಯ ಹಿಂದಿನ ಹೊಳೆ ಬದಿಯಲ್ಲಿ ಕಟ್ಟಬಹುದು, ಮಳೆಗಾಲಕ್ಕೆ ಮೇಲೆ ಎಳೆಯಬಹುದು. ದೊಡ್ಡ ಬೋಟಿಗೆ ಕಾವಲು ಬೇಕು, ಮೇಲೆ ಎಳೆಯಲು ಯಾರ್ಡ್ ಬೇಕು, ಅದಕ್ಕೆಲ್ಲ ಬಾಡಿಗೆ ಬೇಕು.

ಮರವೋ, ಫೈಬರೋ, ಉಕ್ಕೋ?

ಮರದ ಬೋಟಿಗೆ ನಮ್ಮ ಕಡೆ ಒಳ್ಳೆಯ ಆಚಾರಿಗಳಿದ್ದಾರೆ, ರಿಪೇರಿ ಎಲ್ಲಿ ಬೇಕಾದರೂ ಆಗುತ್ತದೆ. ಆದರೆ ಒಳ್ಳೆಯ ಮರ ಈಗ ಚಿನ್ನದ ಹಾಗೆ. ಉಪ್ಪುನೀರಿನ ಹುಳು ಒಳಗಿಂದ ತಿನ್ನುತ್ತದೆ, ಪ್ರತಿ ವರ್ಷ ಸಂದು ತುಂಬಿಸುವ ಕೆಲಸ ಇದ್ದೇ ಇದೆ. ಫೈಬರ್ ಹಗುರ, ಹುಳು ಹಿಡಿಯುವುದಿಲ್ಲ, ಡೀಸೆಲ್ ಉಳಿಸುತ್ತದೆ. ಸಣ್ಣ ದೋಣಿಗಂತೂ ಈಗ ಫೈಬರ್ ಬಿಟ್ಟು ಬೇರೆ ಮಾತಿಲ್ಲ. ಆದರೆ ಕಲ್ಲಿಗೆ, ದಕ್ಕೆಯ ಗೋಡೆಗೆ ಬಡಿದರೆ ಬಿರುಕು ಬಿಡುತ್ತದೆ. ತೆಳ್ಳಗೆ ಮಾಡಿಕೊಟ್ಟ ಫೈಬರ್ ಎರಡೇ ವರ್ಷದಲ್ಲಿ ಗುಣ ತೋರಿಸುತ್ತದೆ. ಉಕ್ಕಿನ ಬೋಟ್ ಗಟ್ಟಿ, ದೂರಕ್ಕೆ ಒಳ್ಳೆಯದು. ಆದರೆ ತೂಕ, ತುಕ್ಕು, ಬಣ್ಣದ ಖರ್ಚು ಮೂರೂ ಒಟ್ಟಿಗೆ ಬರುತ್ತವೆ.

ಹೆಚ್ಚಿನವರು ಕೊಳ್ಳುವುದು ಹಳೆಯ ಬೋಟ್. ಅದನ್ನು ನೋಡುವಾಗ ಹೊಸ ಬಣ್ಣಕ್ಕೆ ಮರುಳಾಗಬೇಡಿ. ನಿಷೇಧದ ತಿಂಗಳಲ್ಲಿ ಎಲ್ಲ ಬೋಟೂ ಪುದಿಯಾಪ್ಳನ ಹಾಗೆ ಕಾಣುತ್ತದೆ. ಬೋಟನ್ನು ನೀರಿಂದ ಮೇಲೆ ಎಳೆಸಿ ನೋಡಿ. ಅಡಿಮರ ಸರಿ ಇದೆಯಾ, ಚೂಪಾದ ಕಬ್ಬಿಣ ಚುಚ್ಚಿದರೆ ಮರ ಮೆತ್ತಗೆ ಒಳಗೆ ಹೋಗುತ್ತದಾ? ಫೈಬರ್ ಆದರೆ ಬೆರಳ ಗಂಟಿನಿಂದ ಅಲ್ಲಲ್ಲಿ ಬಡಿಯಿರಿ. ಒಂದೇ ಸಮ ಗಟ್ಟಿ ಸದ್ದು ಬರಬೇಕು. ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಶಾಫ್ಟ್ ಕೈಯಲ್ಲಿ ಹಿಡಿದು ಅಲುಗಾಡಿಸಿ. ಫ್ಯಾನಿನ ಅಂಚು ತಿಂದು ಹೋಗಿದೆಯಾ ನೋಡಿ. ಎಂಜಿನ್ ತಣ್ಣಗಿರುವಾಗ ನೀವೇ ಹೋಗಿ ಸ್ಟಾರ್ಟ್ ಮಾಡಿಸಿ. ನೀವು ತಲುಪುವಾಗಲೇ ಎಂಜಿನ್ ಬಿಸಿಯಾಗಿ ಓಡುತ್ತಿದ್ದರೆ ಸಂಶಯ ಪಡಿ. ಹೊಗೆ ಕಪ್ಪೋ, ನೀಲಿಯೋ, ಎಣ್ಣೆಯಲ್ಲಿ ನೀರು ಸೇರಿ ಹಾಲಿನ ಬಣ್ಣ ಬಂದಿದೆಯೋ ನೋಡಲು ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಅವರಿಗೆ ಕೊಡುವ ಸಾವಿರ ಎರಡು ಸಾವಿರ ನಷ್ಟವಲ್ಲ. ಮಾರುವವನು ಪರಿಚಯದವನು, ಸಂಬಂಧಿಕ ಎಂದು ನಾಚಿಕೆ ಪಟ್ಟುಕೊಳ್ಳಬೇಡಿ. ಒಳ್ಳೆಯ ಬೋಟ್ ಇದ್ದವನು ನೋಡಲು ಬಂದವರ ಮೇಲೆ ಸಿಟ್ಟಾಗುವುದಿಲ್ಲ.

ಕಾಗದಪತ್ರ ಇನ್ನೂ ಮುಖ್ಯ. ರಿಜಿಸ್ಟ್ರೇಷನ್ ಯಾರ ಹೆಸರಲ್ಲಿದೆ, ಮೀನುಗಾರಿಕೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಬೋಟಿನ ಉದ್ದ, ಎಂಜಿನ್ ನಂಬರ್ ಪುಸ್ತಕದಲ್ಲಿ ಇದ್ದ ಹಾಗೆಯೇ ಇದೆಯಾ, ಬ್ಯಾಂಕಿಗೋ ಸೊಸೈಟಿಗೋ ಅಡವು ಇದೆಯಾ? ಇದನ್ನೆಲ್ಲ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. ಬಾಯಿಮಾತಿನ ಮೇಲೆ ಬೋಟ್ ಕೊಂಡು, ಆಮೇಲೆ ಡೀಸೆಲ್ ಸಬ್ಸಿಡಿಯ ಪಾಸ್‌ಬುಕ್ ಹೆಸರಿಗೆ ಬಾರದೆ ಅಲೆದಾಡುವವರನ್ನು ದಕ್ಕೆಯಲ್ಲಿ ಈಗಲೂ ನೋಡಬಹುದು. ಬೋಟಿನ ಜೊತೆ ಲೈಟ್ ಸೆಟ್ಟೂ ಕೊಡ್ತೇನೆ ಎಂದು ಯಾರಾದರೂ ಆಸೆ ತೋರಿಸಿದರೆ ಬೇಡ ಎನ್ನಿ. ಎಲ್‌ಇಡಿ ಲೈಟ್ ಹಾಕಿ ಮೀನು ಹಿಡಿಯುವುದನ್ನೂ, ಎರಡು ಬೋಟ್ ಸೇರಿ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ ಸರಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ.

ಎಂಜಿನ್ ಕುಡಿಯುವ ಲೆಕ್ಕ

ಬೋಟಿನ ಬೆಲೆ ಒಮ್ಮೆ ಕೊಡುವುದು. ಡೀಸೆಲ್ ಪ್ರತಿ ಟ್ರಿಪ್ಪಿಗೂ ಕೊಡುವುದು. ಆದರೆ ಬೋಟ್ ಕೊಳ್ಳುವಾಗ ನಾವು ಬೆಲೆಯ ಬಗ್ಗೆ ಒಂದು ತಿಂಗಳು ಚೌಕಾಶಿ ಮಾಡುತ್ತೇವೆ, ಎಂಜಿನ್ ಎಷ್ಟು ಕುಡಿಯುತ್ತದೆ ಎಂದು ಒಂದು ಗಂಟೆಯೂ ಯೋಚಿಸುವುದಿಲ್ಲ.

ಸುಲಭದ ಅಂದಾಜು ಹೀಗೆ. ಡೀಸೆಲ್ ಎಂಜಿನ್ ಪೂರ್ತಿ ಲೋಡಿನಲ್ಲಿ ಓಡಿದರೆ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 0.2 ಲೀಟರ್ ಬೇಕು. 150 ಎಚ್‌ಪಿ ಎಂಜಿನ್ ಗಂಟೆಗೆ 30 ಲೀಟರ್, 300 ಎಚ್‌ಪಿ ಎಂಜಿನ್ 60 ಲೀಟರ್. ಒಂದು ಟ್ರಿಪ್ಪಿನಲ್ಲಿ ನೂರು ಗಂಟೆ ಹಾಗೆ ಓಡಿತು ಎಂದು ಹಿಡಿಯೋಣ. ಒಂದಕ್ಕೆ 3,000 ಲೀಟರ್, ಇನ್ನೊಂದಕ್ಕೆ 6,000 ಲೀಟರ್. ಲೀಟರಿಗೆ 90 ರೂಪಾಯಿ ಹಾಕಿದರೆ 2 ಲಕ್ಷ 70 ಸಾವಿರ ಒಂದು ಕಡೆ, 5 ಲಕ್ಷ 40 ಸಾವಿರ ಇನ್ನೊಂದು ಕಡೆ. ಯಾವಾಗಲೂ ಪೂರ್ತಿ ಲೋಡಿನಲ್ಲಿ ಓಡಿಸುವುದಿಲ್ಲ ನಿಜ. ಆದರೆ ದುಪ್ಪಟ್ಟು ಎಂಜಿನ್ ದುಪ್ಪಟ್ಟು ಮೀನು ತರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ದುಪ್ಪಟ್ಟು ಡೀಸೆಲ್ ಮಾತ್ರ ಖಂಡಿತ.

ಎಲ್ಲರಿಗಿಂತ ಮೊದಲು ದಕ್ಕೆ ತಲುಪಿದರೆ ಒಳ್ಳೆಯ ರೇಟ್ ಸಿಗುತ್ತದೆ ಎಂದು ದೊಡ್ಡ ಎಂಜಿನ್ ಹಾಕುವ ಚಾಳಿ ಬೆಳೆದಿದೆ. ಇಂಥ ಬೋಟಿನಲ್ಲಿ ವೇಗವನ್ನು ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಗಂಟೆಯ ಡೀಸೆಲ್ ಹೆಚ್ಚುಕಡಿಮೆ ಕಾಲು ಭಾಗ ಉಳಿಯುತ್ತದೆ. ಸ್ವಲ್ಪ ನಿಧಾನ ಬಂದವನ ಲಾಭ ಕೆಲವೊಮ್ಮೆ ಓಡಿ ಬಂದವನಿಗಿಂತ ಹೆಚ್ಚು.

ನಾಡದೋಣಿಯವರಿಗೆ ಸೀಮೆಎಣ್ಣೆಯದ್ದೇ ಚಿಂತೆ. ರಿಯಾಯಿತಿಯ ಸೀಮೆಎಣ್ಣೆ ಸಮಯಕ್ಕೆ ಸಿಕ್ಕಿದರೆ ಪುಣ್ಯ. ಆದ್ದರಿಂದ ಈಗ ಹೊಸ ಎಂಜಿನ್ ತೆಗೆಯುವವರು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಕಡೆ ನೋಡುವುದು ಒಳ್ಳೆಯದು. ಸೀಮೆಎಣ್ಣೆ ಎಂಜಿನ್ ಬದಲಾಯಿಸುವವರಿಗೆ ತಲಾ 50,000 ರೂಪಾಯಿ ಸಹಾಯಧನವನ್ನು ರಾಜ್ಯ ಸರಕಾರ 2023ರ ಬಜೆಟ್‌ನಲ್ಲಿ ಘೋಷಿಸಿತ್ತು. ಫೋರ್ ಸ್ಟ್ರೋಕ್ ಎಂಜಿನ್‌ಗೆ ಮೊದಲು ದುಡ್ಡು ಜಾಸ್ತಿ, ಆಮೇಲೆ ಎಣ್ಣೆ ಕಡಿಮೆ. ಯಾವ ಕಂಪೆನಿಯದ್ದೇ ಆಗಲಿ, ಅದರ ಬಿಡಿಭಾಗ ಮಂಗಳೂರಲ್ಲೋ ಉಡುಪಿಯಲ್ಲೋ ಸಿಗಬೇಕು. ಬಿಡಿಭಾಗಕ್ಕೆ ಹದಿನೈದು ದಿನ ಕಾಯುವ ಎಂಜಿನ್ ಎಷ್ಟು ಅಗ್ಗವಾದರೂ ದುಬಾರಿಯೇ.

ದುಡ್ಡು ಎಲ್ಲಿಂದ?

ಇಲ್ಲಿ ಮನೆಯ ಹೆಂಗಸರ ಜೊತೆ ಮಾತಾಡಬೇಕು. ಯಾಕೆಂದರೆ ಬೋಟಿನ ದುಡ್ಡಿಗೆ ಮೊದಲು ಹೋಗುವುದು ಉಮ್ಮನ, ಹೆಂಡತಿಯ ಚಿನ್ನ. "ಒಂದು ಸೀಸನ್‌ನಲ್ಲಿ ಬಿಡಿಸಿ ಕೊಡ್ತೇನೆ" ಎಂಬ ಮಾತಿನ ಮೇಲೆ ಅಡವಿಗೆ ಹೋದ ಚಿನ್ನ, ಬಡ್ಡಿ ಏರಿ ಕೊನೆಗೆ ಏಲಂಗೆ ಹೋದ ಮನೆಗಳಲ್ಲಿ ಬೋಟಿನ ಹೆಸರು ಎತ್ತಿದರೆ ಇವತ್ತಿಗೂ ಜಗಳ. ಚಿನ್ನ ಕೊಡುವವರಿಗೆ ಲೆಕ್ಕ ಕೇಳುವ ಹಕ್ಕೂ ಇದೆ. ಎಷ್ಟು ಬೆಲೆಯ ಬೋಟ್, ಟ್ರಿಪ್ಪಿಗೆ ಎಷ್ಟು ಖರ್ಚು, ಮೀನು ಸಿಗದಿದ್ದರೆ ಏನು? ಕೇಳಿ. ಉತ್ತರ ಕೊಡಲು ತಡವರಿಸುವವನಿಗೆ ಚಿನ್ನ ಕೊಡುವ ಮೊದಲು ಇನ್ನೊಮ್ಮೆ ಯೋಚಿಸಿ.

ಎರಡನೆಯದು ದಕ್ಕೆಯ ಮುಂಗಡ. ಏಲಂ ಕೂಗುವ ಕಮಿಷನ್ ಏಜೆಂಟರು ಬೋಟಿಗೆ ಲಕ್ಷಗಟ್ಟಲೆ ಮುಂಗಡ ಕೊಡುತ್ತಾರೆ. ಕಾಗದ ಬೇಡ, ಜಾಮೀನು ಬೇಡ, ಬ್ಯಾಂಕಿಗಿಂತ ಸುಲಭ. ಆದರೆ ಅದು ತೀರುವವರೆಗೆ ನಿಮ್ಮ ಮೀನು ಅವರ ಕೈಯಿಂದಲೇ ಮಾರಾಟವಾಗಬೇಕು, ಪ್ರತಿ ಏಲಂನಲ್ಲಿ ಕಮಿಷನ್ ಹೋಗುತ್ತದೆ. ಅಸಲು ಮಾತ್ರ ಹಾಗೆಯೇ ಕೂತಿರುತ್ತದೆ. ತುರ್ತಿಗೆ ಉಪಕಾರವಾಗುವ ಈ ವ್ಯವಸ್ಥೆಯನ್ನು ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. ಅದರ ಮೇಲೆ ಬೋಟೇ ಕೊಳ್ಳುವುದು ಮಾತ್ರ ಬೇರೆಯವರ ಬೋಟನ್ನು ಸಾಕಿದ ಹಾಗೆ.

ಸರಕಾರದ ಯೋಜನೆಗಳಿವೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರ ಹಳೆ ದೋಣಿ ಬದಲಾವಣೆ ಮತ್ತು ಬಲೆಗೆ 5 ಲಕ್ಷ, ಆಳಸಮುದ್ರದ ಬೋಟಿಗೆ 1 ಕೋಟಿ 20 ಲಕ್ಷ ರೂಪಾಯಿ ಘಟಕ ವೆಚ್ಚ ಇಟ್ಟಿದ್ದಾರೆ. ಸಾಮಾನ್ಯ ವರ್ಗಕ್ಕೆ ಅದರ 40 ಶೇಕಡ, ಮಹಿಳೆಯರಿಗೂ ಪರಿಶಿಷ್ಟರಿಗೂ 60 ಶೇಕಡ ಸಹಾಯಧನ. ಕೇಳಲು ಚೆಂದ. ಆದರೆ ಲೆಕ್ಕ ಮಾಡಿ: 1 ಕೋಟಿ 20 ಲಕ್ಷದಲ್ಲಿ 48 ಲಕ್ಷ ಸಹಾಯಧನ ಬಂದರೂ 72 ಲಕ್ಷ ನಮ್ಮ ತಲೆಯ ಮೇಲೆ. ಅದೇ 5 ಲಕ್ಷದ ದೋಣಿಯಲ್ಲಿ 2 ಲಕ್ಷ ಬಂದರೆ ಉಳಿಯುವುದು 3 ಲಕ್ಷ. ಸಹಾಯಧನ ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆ ಕೈಗೆ ಬರುವುದು, ಮೊದಲು ನಾವೇ ಹಾಕಬೇಕು. ಸಬ್ಸಿಡಿ ಇದೆ ಎಂದು ದೊಡ್ಡ ಬೋಟ್ ಆರಿಸುವುದು, ರಿಯಾಯಿತಿ ಇದೆ ಎಂದು ಬೇಡದ ಸಾಮಾನು ತಂದ ಹಾಗೆ. ಮೊದಲು ಬೋಟ್ ನಿಶ್ಚಯ ಮಾಡಿ, ಆಮೇಲೆ ಅದಕ್ಕೆ ಯಾವ ಯೋಜನೆ ಚಾಲ್ತಿಯಲ್ಲಿದೆ ಎಂದು ಇಲಾಖೆಯಲ್ಲಿ ಕೇಳಿ. ಮೀನುಗಾರ ಮಹಿಳೆಯರಿಗೆ ಕೊಡುವ ಬಡ್ಡಿರಹಿತ ಸಾಲದ ಮಿತಿಯನ್ನೂ 2023ರ ಬಜೆಟ್‌ನಲ್ಲಿ 50,000ದಿಂದ 3 ಲಕ್ಷಕ್ಕೆ ಏರಿಸಿದ್ದರು. ನಮ್ಮ ಹೆಂಗಸರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಬಡ್ಡಿ ಬೇಡ ಎನ್ನುವವರಿಗೆ ಪಾಲುದಾರಿಕೆಯ ದಾರಿ ಇದೆ. ನಮ್ಮ ಕಡಲಿಗೆ ಇದು ಹೊಸದಲ್ಲ. ಹಿಂದೆ ರಂಪಣಿ ನಡೆದದ್ದೇ ಪಾಲಿನ ಮೇಲೆ. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಂದು ರಂಪಣಿ ಹೋಯಿತು, ಪಾಲಿನ ಕ್ರಮ ಬೇರೆ ಬೇರೆ ರೂಪದಲ್ಲಿ ಉಳಿಯಿತು. ಇಬ್ಬರು ದುಡ್ಡು ಹಾಕಿ, ಒಬ್ಬ ಕಡಲಿಗೆ ಹೋಗಿ, ಲಾಭ ನಷ್ಟ ಎರಡನ್ನೂ ಹಂಚಿಕೊಂಡರೆ ಕೆಟ್ಟ ಸೀಸನ್ ಒಬ್ಬನ ಮನೆಯನ್ನು ಮುಳುಗಿಸುವುದಿಲ್ಲ. ಆದರೆ ಅಣ್ಣತಮ್ಮಂದಿರು, ಭಾವ ಮೈದುನರು ಪಾಲು ಹಾಕಿ, ಮಾತು ಬಿಟ್ಟ ಮನೆಗಳೂ ನಮ್ಮಲ್ಲಿ ಎಷ್ಟಿಲ್ಲ? ಕಾರಣ ಒಂದೇ, ಬರೆದಿಡಲಿಲ್ಲ. ಸಾಲದ ವ್ಯವಹಾರ ಮಾಡುವಾಗ ಬರೆದಿಡಬೇಕು, ಸಾಕ್ಷಿ ಇರಬೇಕು ಎಂದು ಕುರ್‌ಆನ್‌ನ ಅತಿ ಉದ್ದದ ಆಯತ್ತೇ ಹೇಳುವಾಗ, "ನಮ್ಮೊಳಗೆ ಎಂಥದ್ದು ಕಾಗದ" ಎನ್ನುವುದು ಯಾವ ದೊಡ್ಡಸ್ತಿಕೆ? ಯಾರು ಎಷ್ಟು ಹಾಕಿದರು, ಕಡಲಿಗೆ ಹೋಗುವವನಿಗೆ ಎಷ್ಟು ಪಾಲು, ಎಂಜಿನ್ ಹಾಳಾದರೆ ಯಾರ ಲೆಕ್ಕ, ಒಬ್ಬ ಬಿಟ್ಟು ಹೋದರೆ ಹೇಗೆ? ನಾಲ್ಕು ಸಾಲು ಬರೆದು, ಇಬ್ಬರು ಹಿರಿಯರ ಸಹಿ ಹಾಕಿಸಿ.

ಖಾಲಿ ದಿನಗಳ ಲೆಕ್ಕ

ಈಗ ಮೂರನೇ ಪ್ರಶ್ನೆ. ಒಂದು ಕಾಗದ ತೆಗೆದುಕೊಂಡು ಕುಳಿತುಕೊಳ್ಳಿ. ಬೋಟ್ ದಕ್ಕೆ ಬಿಟ್ಟು ಮರಳಿ ಬರಲು ಆಗುವ ಖರ್ಚನ್ನು ಬರೆಯಿರಿ. ಡೀಸೆಲ್, ಐಸ್, ನೀರು, ರೇಷನ್, ಕಲಾಸಿಗಳ ಬತ್ತೆ. ಐಸ್‌ನಲ್ಲಿ ಕಂಜೂಸಿ ಬೇಡ, ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಎನ್ನುವುದು ಕನಿಷ್ಠದ ಲೆಕ್ಕ. ಅದನ್ನು ಮೂರರಿಂದ ಗುಣಿಸಿ. ಸಾಲಾಗಿ ಮೂರು ಟ್ರಿಪ್ ಬರಿಗೈಯಲ್ಲಿ ಬಂದರೆ ಆಗುವ ನಷ್ಟ ಅಷ್ಟು.

ಅದಕ್ಕೆ ಬಲೆ ಹರಿದರೆ ಬೇಕಾಗುವ ದುಡ್ಡು ಸೇರಿಸಿ. ಎಂಜಿನ್‌ನ ಒಂದು ದೊಡ್ಡ ರಿಪೇರಿ ಸೇರಿಸಿ. ನಿಷೇಧದ ಎರಡು ತಿಂಗಳ ಮನೆ ಖರ್ಚು, ಸಾಲದ ಕಂತು, ಬೋಟ್ ಮೇಲೆ ಎಳೆದು ಬಣ್ಣ ಬಳಿಯುವ ಖರ್ಚು, ಕಲಾಸಿಗಳ ಮುಂಗಡ ಸೇರಿಸಿ. ಇಷ್ಟು ದುಡ್ಡು ಬೋಟ್ ಕೊಂಡ ಮೇಲೂ ನಿಮ್ಮ ಕೈಯಲ್ಲಿ ಉಳಿಯಬೇಕು. ಉಳಿಯುವುದಿಲ್ಲ ಎಂದಾದರೆ ಆ ಬೋಟ್ ನಿಮ್ಮದಲ್ಲ, ಅದಕ್ಕಿಂತ ಸಣ್ಣದು ನಿಮ್ಮದು. ಹತ್ತು ಲಕ್ಷ ಇದ್ದವನು ಹತ್ತು ಲಕ್ಷದ ಬೋಟ್ ತೆಗೆಯಬಾರದು. ಆರೋ ಏಳೋ ಲಕ್ಷದಲ್ಲಿ ಮುಗಿಸಿ, ಉಳಿದದ್ದನ್ನು ಮುಟ್ಟದೆ ಇಡಬೇಕು.

ಜೀವಕ್ಕೆ ಚೌಕಾಶಿ ಬೇಡ

ಬಜೆಟ್ ಬಿಗಿಯಾದಾಗ ಮೊದಲು ಕೈಬಿಡುವುದು ಲೈಫ್ ಜಾಕೆಟ್, ವೈರ್‌ಲೆಸ್, ಲೈಟು. "ಆಮೇಲೆ ನೋಡುವ" ಎನ್ನುತ್ತೇವೆ. 2020ರ ನವೆಂಬರ್ ಕೊನೆಯಲ್ಲಿ ಉಳ್ಳಾಲದ ಹೊರಗಿನ ಕಡಲಲ್ಲಿ ಮಗುಚಿದ ಪರ್ಸೀನ್ ಬೋಟಿನಲ್ಲಿ 25 ಮಂದಿ ಇದ್ದರು. ಮರಳಿ ಬಂದವರು 19. ಮೀನು ಭರ್ತಿಯಾಗಿ ಬರುತ್ತಿದ್ದ ಬೋಟ್ ಅದು. ತೀರಿಕೊಂಡ ಆರು ಮಂದಿಯಲ್ಲಿ ನಮ್ಮ ಕೇರಿಯವರೂ ಇದ್ದರು, ನೆರೆಯ ಮೊಗವೀರ ಮನೆಯವರೂ ಇದ್ದರು. ಕಡಲು ಜಾತಿ ಕೇಳುವುದಿಲ್ಲ. ಮೀನು ಸಿಗದ ದಿನ ಮಾತ್ರವಲ್ಲ, ಮೀನು ತುಂಬ ಸಿಕ್ಕಿದ ದಿನವೂ ಬೋಟ್ ತಡೆದುಕೊಳ್ಳಬೇಕು ಎನ್ನುವುದನ್ನು ಆ ರಾತ್ರಿ ಕಲಿಸಿತು.

ಹಾಗಾಗಿ ಕೊಳ್ಳುವ ಬೋಟ್ ಎಷ್ಟು ಟನ್ ಹೊರುತ್ತದೆ ಎಂದು ಕಟ್ಟಿದವರಿಂದಲೇ ಕೇಳಿ ತಿಳಿಯಿರಿ, ಅದಕ್ಕಿಂತ ಕಡಿಮೆಗೆ ನಿಲ್ಲಿಸಿ. ಪ್ರತಿಯೊಬ್ಬನಿಗೂ ಒಂದು ಲೈಫ್ ಜಾಕೆಟ್, ಕೆಲಸ ಮಾಡುವ ವಿಎಚ್‌ಎಫ್ ಸೆಟ್, ರಾತ್ರಿ ಕಾಣುವ ದೀಪ, ಬೋಟ್ ಇನ್ಶೂರೆನ್ಸ್ ಎಲ್ಲವನ್ನೂ ಬೋಟಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಮಾಡಿ. ಮತ್ಸ್ಯ ಸಂಪದ ಯೋಜನೆಯಡಿ ಮೀನುಗಾರರಿಗೆ ಇರುವ ಅಪಘಾತ ವಿಮೆಯಲ್ಲಿ ಜೀವ ಹೋದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಪ್ರೀಮಿಯಂ ಸರಕಾರದ್ದು, ಹೆಸರು ನೋಂದಾಯಿಸುವ ಕೆಲಸ ನಮ್ಮದು. ಹೊರ ರಾಜ್ಯದ ಕಲಾಸಿಯ ಮನೆಯಲ್ಲೂ ಒಬ್ಬಳು ಉಮ್ಮ ಕಾಯುತ್ತಿರುತ್ತಾಳೆ. ಅವನ ಹೆಸರನ್ನೂ ಬಿಡಬೇಡಿ.

ಕೊನೆಗೆ ನಮ್ಮ ಜಮಾಅತ್‌ಗಳ ಹಿರಿಯರಿಗೂ, ಅನುಕೂಲಸ್ಥರಿಗೂ ಒಂದು ವಿನಂತಿ. ಮದುವೆ ಹಾಲ್‌ಗೆ, ಗೇಟಿಗೆ, ಬಣ್ಣಕ್ಕೆ ಲಕ್ಷಗಳನ್ನು ಕೊಡುವ ಕೈಗಳು ನಮ್ಮಲ್ಲಿ ಇವೆ. ಕಡಲು ಬಲ್ಲ, ದುಡ್ಡಿಲ್ಲದ ನಾಲ್ಕು ಹುಡುಗರಿಗೆ ಒಂದು ಫೈಬರ್ ದೋಣಿಯಲ್ಲಿ ಪಾಲುದಾರರಾಗಿ. ಲಾಭದಲ್ಲಿ ಪಾಲು ಕೇಳಿ, ನಷ್ಟದಲ್ಲೂ ನಿಲ್ಲಿ. ದಾನಕ್ಕಿಂತ ಅದು ಅವರ ಮರ್ಯಾದೆಯನ್ನೂ ಉಳಿಸುತ್ತದೆ.

ಆಗಸ್ಟ್ 1ರ ಬೆಳಿಗ್ಗೆ ಅಳಿವೆ ಬಾಗಿಲಿನಿಂದ ಬೋಟುಗಳು ಸಾಲಾಗಿ ಹೊರಡುತ್ತವೆ. ಆ ಸಾಲಿನಲ್ಲಿ ನಮ್ಮದೂ ಒಂದು ಇರಬೇಕೆಂಬ ಆಸೆ ತಪ್ಪಲ್ಲ. ಈ ಆಗಸ್ಟಿಗೆ ಆಗದಿದ್ದರೆ ಮುಂದಿನ ಆಗಸ್ಟ್ ಇದೆ. ಅವಸರ ಮಾಡಬೇಡಿ, ಮೋನೆ. ಲೆಕ್ಕ ಸರಿಯಾದ ದಿನ ಹೊರಡಿ. ಅಲ್ಲಾಹು ಬರ್ಕತ್ ಕೊಡಲಿ, ಹೋದವರೆಲ್ಲ ಮರಳಿ ಬರಲಿ.